ಮಕ್ಕಳ ಕಂಪೆನಿಯ ಪೆಟ್ಟಿಗೆ

ಅಲಿ ಕುಂಞಿಗೆ ಕೊಡೆ ರಿಪೇರಿ ಬರುತ್ತಿತ್ತು, ಬೀಗ ರಿಪೇರಿ ಬರುತ್ತಿತ್ತು, ಸತ್ತ ಟಾರ್ಚನ್ನು ನಾಲ್ಕು ಸಲ ಕುಟ್ಟಿ ಉರಿಸಲಿಕ್ಕೂ ಬರುತ್ತಿತ್ತು. ಬಾರದೇ ಇದ್ದದ್ದು ಒಂದೇ, ಕೇಳಿದವರಿಗೆ ಇಲ್ಲ ಅನ್ನಲಿಕ್ಕೆ. ಉಪ್ಪಿನಂಗಡಿ ಪೇಟೆಯಿಂದ ಒಂದು ಮೈಲು ಈಚೆಗೆ, ರಸ್ತೆಯ ಬದಿಯಲ್ಲೇ ಇದ್ದ ಅವನ ಮನೆಗೆ ಯಾರು ಬಂದು ಏನು ಕೇಳಿದರೂ ಬಾಯಿ ಯೋಚನೆ ಮಾಡುವಷ್ಟರಲ್ಲಿ ಕೈ ಕೊಟ್ಟು ಮುಗಿಸುತ್ತಿತ್ತು. ಹೆಂಡತಿ ಮೈಮೂನಮ್ಮ ಮನೆಯಲ್ಲಿದ್ದಾಗ ಇದರಿಂದ ಅಪಾಯವಿರಲಿಲ್ಲ. ಕೇಳಲು ಬಂದವರು ಅವಳ ಮುಖ ನೋಡಿ, ಒಂದು ಲೋಟ ನೀರು ಕುಡಿದು, ಬಂದ ದಾರಿ ಹಿಡಿಯುತ್ತಿದ್ದರು. ಆದರೆ ಮೈಮೂನಮ್ಮ ಹೊಸದಾಗಿ ಹುಟ್ಟಿದ ಮೊಮ್ಮಗಳ ನಲ್ವತ್ತನೇ ದಿನದ ಕಾರ್ಯಕ್ಕೆಂದು ನರಿಮೊಗರಿನ ಮಗಳ ಮನೆಗೆ ಹೋಗಿ ಹತ್ತು ದಿನವಾಗಿತ್ತು. ಹತ್ತು ದಿನ ಎಂದರೆ ಅಲಿ ಕುಂಞಿಯಂಥವನಿಗೆ ಧಾರಾಳವಾಯಿತು.

ಅಂದು ಬೆಳಿಗ್ಗೆ ಪುತ್ತೂರಿನಿಂದ ಬಂದ ಮೊದಲ ಬಸ್ಸು ಅವನ ಮನೆಯೆದುರು ನಿಧಾನವಾಯಿತು. ಕಂಡಕ್ಟರ್ ಕೈ ಹೊರಗೆ ಹಾಕಿ ಒಂದು ಚೀಟಿ ಕೊಟ್ಟ. "ನರ್ಸಮ್ಮ ಕೊಟ್ಟದ್ದು, ಅರ್ಜೆಂಟಂತೆ," ಎಂದ. ಬಸ್ಸು ಹೋಯಿತು.

ತಿಂಗಳ ಹಿಂದಷ್ಟೇ ಮಂಗಳೂರಿನಿಂದ ವರ್ಗವಾಗಿ ಬಂದಿದ್ದ ಹೆಲ್ತ್ ವಿಸಿಟರ್ ಸೇವಂತಿ ಬರೆದ ಚೀಟಿ ಅದು. "ಮೈಮೂನಮ್ಮನವರಿಗೆ. ಇವತ್ತು ಮಧ್ಯಾಹ್ನ ಮೂರು ಗಂಟೆಗೆ ಸಂಸ್ಥೆಯ ದೊರೆಸಾನಿಯವರು ಜೀಪಿನಲ್ಲಿ ನಿಮ್ಮಲ್ಲಿಗೆ ಬರುತ್ತಾರೆ. ಪೆಟ್ಟಿಗೆ ತೆರೆದು ನೋಡುತ್ತಾರೆ. ಎಲ್ಲ ಸಾಮಾನೂ ಇರಬೇಕು. ಪೆಟ್ಟಿಗೆಯನ್ನು ಸರಿಯಾಗಿ ಉಪಯೋಗಿಸದವರಿಂದ ವಾಪಸು ತೆಗೆದು ಬೇರೆಯವರಿಗೆ ಕೊಡುತ್ತಾರೆ."

ಅಲಿ ಕುಂಞಿ ಮೂರನೇ ಕ್ಲಾಸಿನವರೆಗೆ ಕಲಿತವನು. ಚೀಟಿಯನ್ನು ಎರಡು ಸಲ ಓದಿದ. ಎರಡನೇ ಸಲ ಓದಿ ಮುಗಿಸುವಾಗ ಜಗಲಿಯಲ್ಲಿ ಕೂತುಬಿಟ್ಟ.

ಪೆಟ್ಟಿಗೆ ಎಂದರೆ ಅಲ್ಯೂಮಿನಿಯಂ ಪೆಟ್ಟಿಗೆ. ಎರಡು ವರ್ಷದ ಹಿಂದೆ ಮೈಮೂನಮ್ಮ ಪುತ್ತೂರಿನಲ್ಲಿ ಒಂದು ತಿಂಗಳು ಸೂಲಗಿತ್ತಿ ಕೆಲಸದ ತರಬೇತಿ ಪಡೆದಾಗ ಕೊಟ್ಟದ್ದು. ಲೋಕದ ದೇಶಗಳೆಲ್ಲ ಸೇರಿ ಮಕ್ಕಳ ಆರೋಗ್ಯಕ್ಕೆಂದು ಒಂದು ಸಂಸ್ಥೆ ಮಾಡಿದ್ದಾರೆ, ಅವರು ಕಳಿಸಿದ್ದು ಎಂದು ಅಲ್ಲಿ ಹೇಳಿದ್ದರು. ಶಾಲೆಗೆ ಹಾಲಿನ ಪುಡಿ ಬರುತ್ತಿದ್ದದ್ದೂ ಅವರಿಂದಲೇ. ಊರಿನವರು ಆ ಉದ್ದದ ಹೆಸರನ್ನು ತಮಗೆ ಬೇಕಾದಷ್ಟಕ್ಕೆ ಕತ್ತರಿಸಿ "ಮಕ್ಕಳ ಕಂಪೆನಿ" ಎಂದು ಮಾಡಿಕೊಂಡಿದ್ದರು. ಪೆಟ್ಟಿಗೆಯೊಳಗೆ ಕತ್ತರಿ, ಬೇಸಿನ್ನು, ಉಗುರು ತಿಕ್ಕುವ ಬ್ರಶ್ಶು, ಸಾಬೂನು, ಪ್ಲಾಸ್ಟಿಕ್ ಶೀಟು, ಮಗುವನ್ನು ತೂಗುವ ಕೊಕ್ಕೆಯ ತಕ್ಕಡಿ, ಹೊಕ್ಕುಳು ಕಟ್ಟುವ ನೂಲು, ಒಂದು ಎಪ್ರನ್ನು ಇದ್ದವು.

ಅಲಿ ಕುಂಞಿಯ ಚೊಚ್ಚಲು ಗಂಡುಮಗು ಎಂಟನೇ ದಿನಕ್ಕೆ ಹೊಕ್ಕುಳಿನ ನಂಜಿನಿಂದ ಹೋಗಿತ್ತು. ಆಗ ಹೊಕ್ಕುಳು ಕೊಯ್ದದ್ದು ಯಾವುದರಿಂದ ಎಂದು ಯಾರೂ ಕೇಳಿರಲಿಲ್ಲ. ಪೆಟ್ಟಿಗೆ ಬಂದ ಮೇಲೆ ಮೈಮೂನಮ್ಮನ ಕೈಯಲ್ಲಿ ಇಪ್ಪತ್ತೇಳು ಮಕ್ಕಳು ಹುಟ್ಟಿದ್ದವು, ಇಪ್ಪತ್ತೇಳೂ ಎಂಟನೇ ದಿನ ದಾಟಿದ್ದವು. ಅವಳು ಪೆಟ್ಟಿಗೆ ಒರೆಸುವಾಗ ಯಾರ ಹತ್ತಿರವೂ ಮಾತಾಡುತ್ತಿರಲಿಲ್ಲ. ಯಾಕೆ ಎಂದು ಅಲಿ ಕುಂಞಿಗೆ ಗೊತ್ತಿತ್ತು. ಆ ಪೆಟ್ಟಿಗೆ ತನ್ನಿಂದಾಗಿ ಹೋಯಿತು ಎಂದಾದರೆ ಅವಳಿಗೆ ಮುಖ ತೋರಿಸುವುದು ಹೇಗೆ?

ಎದ್ದು ಹೋಗಿ ಪೆಟ್ಟಿಗೆ ತೆರೆದ. ನೂಲು ಇತ್ತು. ಎಪ್ರನ್ನು ಇತ್ತು. ಮತ್ತೆ ಪೆಟ್ಟಿಗೆಯ ತಳ ಕಾಣುತ್ತಿತ್ತು.

ಸಾಬೂನು ಯಾರೂ ಒಯ್ದದ್ದಲ್ಲ. ಪರಿಮಳ ಚೆನ್ನಾಗಿದೆ ಎಂದು ಹತ್ತು ದಿನ ಅವನೇ ಮಿಂದಿದ್ದ. ಬ್ರಶ್ಶಿನಿಂದ ಗಿರಾಕಿಗಳ ಕೊಡೆಬಟ್ಟೆ ತಿಕ್ಕಿ ತಿಕ್ಕಿ ಅದರ ಕೂದಲೆಲ್ಲ ಮಲಗಿದ್ದವು. ಉಳಿದದ್ದು ನಾಲ್ಕು ಮನೆಗಳಲ್ಲಿತ್ತು. ಮೈಮೂನಮ್ಮ ವಾಪಸು ಬರುವುದೂ ಅಂದೇ, ಮೂರು ಗಂಟೆಯ ಹೊತ್ತಿನ ಬಸ್ಸಿಗೆ.

ಮೊದಲು ಪಕ್ಕದ ಮನೆಯ ಹಕೀಮನ ಹತ್ತಿರ ಓಡಿದ. ಹಕೀಮ ದರ್ಜಿ. ಜಗಲಿಯಲ್ಲಿ ಮೆಶಿನ್ನು ಇಟ್ಟುಕೊಂಡು ಮದುವೆ ಮನೆಯ ಕುಪ್ಪಸ ಹೊಲಿಯುತ್ತಿದ್ದ. ಅದರ ಗುಂಡಿಯ ತೂತನ್ನು ಮಕ್ಕಳ ಕಂಪೆನಿಯ ಕತ್ತರಿಯಿಂದಲೇ ಕತ್ತರಿಸುತ್ತಿದ್ದ.

"ಹಕೀಮಾ, ಆ ಕತ್ತರಿ ಕೊಡು ಮಾರಾಯ. ಈಗಲೇ ಬೇಕು."

"ಸಂಜೆಗೆ ಕೊಡ್ತೇನೆ. ಇನ್ನು ಹನ್ನೊಂದು ತೂತು ಉಂಟು."

"ಸಂಜೆಗೆ ಆಗುದಿಲ್ಲ."

"ಕೊಡುವಾಗ ಹೀಗೆ ಹೇಳ್ಲಿಲ್ಲ ನೀನು," ಎಂದು ಹಕೀಮ ತಲೆಯೆತ್ತದೆ ಹನ್ನೆರಡನೇ ಗುಂಡಿಗೂ ಗುರುತು ಹಾಕಿದ.

ಅಲಿ ಕುಂಞಿಗೆ ಜಗಳ ಮಾಡಲು ಗೊತ್ತಿರಲಿಲ್ಲ. ಗೊತ್ತಿಲ್ಲದವನ ಬಾಯಿಗೆ ಸುಲಭಕ್ಕೆ ಬರುವುದು ಸುಳ್ಳು. "ಕಂಪೆನಿಯ ದೊರೆಸಾನಿ ಬರ್ತಾರೆ, ಮೂರು ಗಂಟೆಗೆ," ಎಂದ. "ಯಾರ ಮನೆಯಲ್ಲಿ ಪೆಟ್ಟಿಗೆಯ ವಸ್ತು ಸಿಕ್ತದೋ ಅವರ ಮನೆಗೆ ಪೊಲೀಸ್ ಹೋಗ್ತದಂತೆ."

ಮೆಶಿನ್ನಿನ ಚಕ್ರ ನಿಂತಿತು. ಹಕೀಮ ಕತ್ತರಿಯನ್ನು ನೋಡಿದ. ಬಿಸಿ ಕೆಂಡ ಹಿಡಿದಂತೆ ಎರಡೇ ಬೆರಳಿನಲ್ಲಿ ಹಿಡಿದು ಅಲಿ ಕುಂಞಿಯ ಕೈಗೆ ಹಾಕಿದ. "ನನಗೆ ನೀನು ಕೊಟ್ಟೇ ಇಲ್ಲ, ಆಯ್ತಾ?" ಎಂದ.

"ಆಯ್ತು."

"ನಾನು ಅದನ್ನು ಕಂಡೇ ಇಲ್ಲ."

"ಇಲ್ಲ ಮಾರಾಯ."

ಇಷ್ಟು ಸುಲಭವೇ ಎಂದು ಅಲಿ ಕುಂಞಿಗೆ ಆಶ್ಚರ್ಯವಾಯಿತು. ಜನ್ಮದಲ್ಲಿ ಮೊದಲ ಸಲ ಅವನ ಮಾತಿಗೆ ಯಾರೋ ಹೆದರಿದ್ದರು.

ಎರಡನೆಯದು ಬೇಸಿನ್ನು. ಅದು ಇದ್ದದ್ದು ಹಿಂದಿನ ಮನೆಯ ರುಖಿಯಮ್ಮನಲ್ಲಿ. ಅಕ್ಕಿ ನೆನೆಹಾಕಲು ಎಂದು ಒಯ್ದ ಬೇಸಿನ್ನಿನಲ್ಲಿ ಈಗ ಹುಲ್ಲು ಹಾಸಿ, ಒಂಬತ್ತು ಮೊಟ್ಟೆ ಇಟ್ಟು, ಒಂದು ಕೆಂಪು ಕೋಳಿಯನ್ನು ಕಾವಿಗೆ ಕೂರಿಸಿದ್ದಳು.

"ಇನ್ನು ಹದಿಮೂರು ದಿನ ಅದನ್ನು ಮುಟ್ಟುವ ಹಾಗಿಲ್ಲ," ಎಂದಳು ರುಖಿಯಮ್ಮ. "ಮೈಮೂನ ಮಗಳ ಮನೆಯಿಂದ ಬರ್ಲಿ, ನಾನೇ ಹೇಳ್ತೇನೆ ಅವಳಿಗೆ."

"ಅವಳಲ್ಲ ರುಖಿಯಮ್ಮ. ದೊರೆಸಾನಿ. ಪೊಲೀಸ್ ಜೀಪು. ಹೆಸರು ಬರ್ಕೊಂಡು ಪುತ್ತೂರು ಕೋರ್ಟಿಗೆ ನಿಲ್ಲಿಸ್ತಾರೆ. ಹೆಂಗಸರು ಅಂತ ನೋಡುದಿಲ್ಲ."

ರುಖಿಯಮ್ಮ ಎದೆ ಹಿಡಿದುಕೊಂಡಳು. ಅವಳ ಸೊಸೆ ಆಸಿಯಾ, ತುಂಬು ಬಸುರಿ, ಬಾಗಿಲಲ್ಲಿ ನಿಂತವಳು ಅಲ್ಲೇ ಕೂತಳು. ಆದರೆ ಕೋಳಿಗೆ ಕೋರ್ಟಿನ ಭಯವಿರಲಿಲ್ಲ. ಅಲಿ ಕುಂಞಿ ಕೈ ಹಾಕಿದ ಕೂಡಲೇ ಅದು ಮುಂಗೈಯ ಚರ್ಮ ಕಿತ್ತಿತು. ಕೊನೆಗೆ ಅವನು ಮನೆಗೆ ಓಡಿ, ರಿಪೇರಿಗೆ ಬಂದಿದ್ದ ಯಾರದೋ ಒಂದು ದೊಡ್ಡ ಕೊಡೆ ತಂದು, ಬಿಡಿಸಿ ಮಗುಚಿ ಇಟ್ಟು, ಒಂಬತ್ತು ಮೊಟ್ಟೆಯನ್ನೂ ಹುಲ್ಲಿನ ಸಮೇತ ಅದರೊಳಕ್ಕೆ ಸಾಗಿಸಿದ. ಕೋಳಿ ಕೊಡೆಯ ಸುತ್ತ ಎರಡು ಸುತ್ತು ಬಂದು, ಹತ್ತಿ ಕೂತಿತು. ಬೇಸಿನ್ನು ಸಿಕ್ಕಿತು.

ಮೂರನೆಯದು ರಸ್ತೆಯ ಆಚೆ ಬದಿಯ ರಾಮಪ್ರಸಾದರ ಮನೆ. ಅಂಗಳದಲ್ಲಿ ಪ್ಲಾಸ್ಟಿಕ್ ಶೀಟು ಬಿಸಿಲಿಗೆ ಮಿರಮಿರ ಹೊಳೆಯುತ್ತಿತ್ತು. ಅದರ ಮೇಲೆ ಸಾಲುಸಾಲಾಗಿ ಹಲಸಿನ ಹಪ್ಪಳ. ರಾಮಪ್ರಸಾದರ ಹೆಂಡತಿ ಸತ್ಯವತಿ ಕೈಯಲ್ಲಿ ಕೋಲು ಹಿಡಿದು ಕಾಗೆ ಕಾಯುತ್ತಿದ್ದಳು.

"ಒಳ್ಳೆ ಶೀಟು ಅಲಿ ಕುಂಞಿ," ಎಂದಳು. "ಚಾಪೆಗೆ ಅಂಟುವ ಹಾಗೆ ಅಂಟುದೇ ಇಲ್ಲ. ಎಂಬತ್ತು ಹಪ್ಪಳ ಆಯ್ತು. ಅದು ನಿಮ್ಮಲ್ಲಿ ಎಂತಕ್ಕೆ ಇದ್ದದ್ದು?"

ಅಲಿ ಕುಂಞಿ ಹಪ್ಪಳದ ಕಡೆ ನೋಡಿದ. ಅವಳ ಹೆರಿಗೆಗಳೆಲ್ಲ ತವರಿನಲ್ಲಿ ಆದದ್ದು, ಅವಳಿಗೆ ಆ ಶೀಟಿನ ಕೆಲಸ ಗೊತ್ತಿರಲಿಲ್ಲ. "ಮಕ್ಕಳಿಗೆ ಸಂಬಂಧಪಟ್ಟದ್ದು," ಎಂದಷ್ಟೇ ಹೇಳಿ, ದೊರೆಸಾನಿ, ಜೀಪು, ಪೊಲೀಸು, ಕೋರ್ಟು, ಎಲ್ಲವನ್ನೂ ಒಂದೇ ಉಸಿರಿಗೆ ಒಪ್ಪಿಸಿದ.

ಜಗಲಿಯಲ್ಲಿ ಪೇಪರು ಓದುತ್ತಿದ್ದ ರಾಮಪ್ರಸಾದರು ಕನ್ನಡಕ ತೆಗೆದರು. ಊರಿನಲ್ಲಿ ದಿನವೂ ಪೇಪರು ಓದುವವರು ಅವರೊಬ್ಬರೇ. ಹಾಗಾಗಿ ಯಾವ ಸುದ್ದಿಯೂ ಅವರ ಕೈಯಿಂದ ಬಂದ ಗಾತ್ರದಲ್ಲೇ ಹೊರಗೆ ಹೋಗುತ್ತಿರಲಿಲ್ಲ. "ಕೋರ್ಟು ಎಂತ ಕೋರ್ಟು," ಎಂದರು. "ಇದು ಅಂತರರಾಷ್ಟ್ರೀಯ ಸೊತ್ತು. ಎಷ್ಟೋ ದೇಶಗಳ ಕೈ ಉಂಟು ಇದರಲ್ಲಿ. ನಮ್ಮ ಸರಕಾರ ಕೂಡ ನಡುವೆ ಬರುವ ಹಾಗಿಲ್ಲ. ಸತ್ಯಾ, ತೆಗಿ ಆ ಹಪ್ಪಳ."

ಎಂಬತ್ತು ಹಪ್ಪಳ ಅರೆ ಒಣಗಿದ್ದವು, ಅರೆ ಒಣಗಿರಲಿಲ್ಲ. ಸತ್ಯವತಿ ಅವನ್ನು ಗೆರಸೆಗೆ ಬಳಿದು ಹಾಕುವಾಗ ಒಂದಕ್ಕೊಂದು ಅಂಟಿ ದೊಡ್ಡದೊಂದು ಮುದ್ದೆಯಾಯಿತು. ಅಲಿ ಕುಂಞಿ ಶೀಟು ಸುತ್ತಿಕೊಂಡು ಹಿಂದೆ ನೋಡದೆ ನಡೆದ.

ಉಳಿದದ್ದು ತಕ್ಕಡಿ. ಅದು ಮೀನಿನ ಯೂಸುಫನ ಸೈಕಲ್ಲಿನಲ್ಲಿತ್ತು, ಸೈಕಲ್ಲು ಎಲ್ಲಿತ್ತು ಎಂದು ದೇವರಿಗೇ ಗೊತ್ತು. ಅಲಿ ಕುಂಞಿ ಬಿಸಿಲಿನಲ್ಲಿ ಪೇಟೆಯವರೆಗೆ ಓಡಿದ, ಹೊಳೆಯ ಬದಿಗೆ ಓಡಿದ, ಅಲ್ಲಿಂದ ರಾಮಕುಂಜದ ರಸ್ತೆಗೆ ತಿರುಗಿದ. ಒಂದೂವರೆ ಗಂಟೆ ಹುಡುಕಿದ ಮೇಲೆ ಯೂಸುಫನೇ ಎದುರಿನಿಂದ ಗಡಿಬಿಡಿಯಲ್ಲಿ ಪೆಡಲು ತುಳಿಯುತ್ತ ಬಂದ. ಬುಟ್ಟಿಯಲ್ಲಿ ಮೀನು ಹಾಗೇ ಇತ್ತು. ಮುಖ ಬಿಳಿಚಿತ್ತು.

"ಅಲಿ ಕುಂಞಿ, ನಿನ್ನನ್ನೇ ಹುಡುಕುದು. ಹಿಡಿ ನಿನ್ನ ತಕ್ಕಡಿ," ಎಂದು ಬುಟ್ಟಿಯಡಿಯಿಂದ ತೆಗೆದು ಅವನ ಹೆಗಲಿಗೆ ನೇತುಹಾಕಿದ. "ನಿನಗೆ ಗೊತ್ತುಂಟಾ? ಪೆಟ್ಟಿಗೆಯ ವಸ್ತು ಮುಟ್ಟಿದವರನ್ನು ಜೀಪಿನಲ್ಲಿ ಮಂಗಳೂರಿಗೆ ಕೊಂಡುಹೋಗಿ, ಅಲ್ಲಿಂದ ಹಡಗು ಹತ್ತಿಸ್ತಾರಂತೆ. ವಿಚಾರಣೆ ಬೇರೆ ದೇಶದಲ್ಲಿ."

ಅಲಿ ಕುಂಞಿ ತಕ್ಕಡಿಯನ್ನು ಹೆಗಲಿನಿಂದ ಇಳಿಸಿದ. "ಯಾರು ಹೇಳಿದ್ದು?"

"ಎಲ್ಲರೂ ಹೇಳ್ತಾರೆ. ಪೇಪರಿನಲ್ಲಿ ಉಂಟಂತೆ."

ಬೆಳಿಗ್ಗೆ ತಾನೇ ಹೊರಗೆ ಬಿಟ್ಟ ಸುಳ್ಳು ಇದು ಎಂದು ಅವನಿಗೆ ಹೊಳೆಯದೆ ಇರಲಿಲ್ಲ. ಆದರೆ ಬಿಡುವಾಗ ಸಣ್ಣದಿತ್ತು. ಹಡಗಿನ ವಿಷಯ ತಾನು ಹೇಳಿರಲಿಲ್ಲ. ಹೇಳದ್ದೂ ಅದರಲ್ಲಿ ಇದೆ ಎಂದ ಮೇಲೆ ಸ್ವಲ್ಪವಾದರೂ ನಿಜ ಇರಬಹುದಲ್ಲ ಎನಿಸಿತು. ದಾರಿಯುದ್ದಕ್ಕೂ ಅವನಿಗೆ ಸಮುದ್ರದ ಸದ್ದು ಕೇಳಿದ ಹಾಗಾಯಿತು.

ಮನೆಗೆ ಬರುವಾಗ ಪೇಟೆಯ ಸಾಹುಲ್ ಹಮೀದರ ಅಂಗಡಿಯಿಂದ ಹೊಸ ಸಾಬೂನು, ಹೊಸ ಬ್ರಶ್ಶು ತಂದ. ಹುಣಸೆಹುಳಿ, ಬೂದಿ ಹಾಕಿ ತಕ್ಕಡಿಯನ್ನು ತಿಕ್ಕಿದ. ಬಂಗುಡೆಯ ವಾಸನೆಗೆ ಮೂರು ಬೆಕ್ಕು ಬಂದು ಕೂತವು, ನಾಲ್ಕನೇ ಸಲ ತಿಕ್ಕಿದ ಮೇಲೆ ಎದ್ದು ಹೋದವು. ಬೇಸಿನ್ನು ತಿಕ್ಕಿದ, ಕತ್ತರಿಗೆ ಸಾಣೆ ಹಿಡಿದ, ಶೀಟನ್ನು ತೊಳೆದು ಅಂಗಡಿಯಲ್ಲಿ ಮಡಚಿದ ಹಾಗೆ ಮಡಚಿದ. ಪೆಟ್ಟಿಗೆಯ ಹೊರಮೈಯಲ್ಲಿ ಎರಡು ವರ್ಷದಿಂದ ಬಿದ್ದ ತಗ್ಗುಗಳನ್ನೆಲ್ಲ ಒಳಗಿನಿಂದ ಮರದ ಸುತ್ತಿಗೆಯಲ್ಲಿ ಕುಟ್ಟಿ ಎಬ್ಬಿಸಿದ. ಸಾಬೂನಿನ ಕಾಗದ ಬಿಚ್ಚಲು ಹೋದವನು ಚಂದ ಕಾಣುತ್ತದೆ ಎಂದು ಹಾಗೇ ಬಿಟ್ಟ.

ಅಷ್ಟು ಮಾಡಿದರೂ ಅವನಿಗೆ ಸಮಾಧಾನವಾಗಲಿಲ್ಲ. ಬಂದವರು ಗೋಡೆಯನ್ನೂ ನೋಡಿದರೆ ಎಂದು ಭಯವಾಯಿತು. ರಂಜಾನಿಗೆ ತಂದು ಉಳಿದಿದ್ದ ಸುಣ್ಣ ಕಲಸಿ ಚಾವಡಿಗೆ ಹೊಡೆದ. ಬಾಗಿಲ ಹಿಂದೆ ಗೋಡೆಯಲ್ಲಿ ಯಾವುದೋ ಮಕ್ಕಳು ಗೀಚಿದ ಹಾಗೆ ಮಸಿಯ ಗೆರೆಗಳಿದ್ದವು. ಅದರ ಮೇಲೆ ಎರಡು ಸಲ ಹೊಡೆದ.

ಮೂರು ಗಂಟೆಗೆ ಸರಿಯಾಗಿ ಪುತ್ತೂರಿನ ಬಸ್ಸಿನಿಂದ ಮೈಮೂನಮ್ಮ ಇಳಿದಳು. ಬಸ್ಸಿನ ಧೂಳಿನ ಹಿಂದೆಯೇ ಜೀಪು ಬಂತು. "ಎಂತ ಇದು, ಮನೆ ಬಿಳಿ ಆಗಿದೆ?" ಎಂದು ಅವಳು ಕೇಳುವಷ್ಟರಲ್ಲಿ ಸೇವಂತಿ ಜೀಪಿನಿಂದ ಇಳಿದು ವಿಷಯ ಹೇಳಿದಳು. ಸೇವಂತಿಯ ಹಿಂದೆ ದೊರೆಸಾನಿ ಇಳಿದಳು. ಅಲಿ ಕುಂಞಿ ಅವಳಿಗೆ ಕೋರೆಹಲ್ಲು ಇರಬಹುದು ಎಂದುಕೊಂಡಿದ್ದ. ನೋಡಿದರೆ ನರೆತ ಕೂದಲಿನ, ಬಿಸಿಲಿಗೆ ಮೂಗು ಕೆಂಪಾದ, ಮಗ್ಗಿ ಕಲಿಸುವ ಟೀಚರಿನಂಥ ಹೆಂಗಸು. ಕೈ ಮುಗಿದು ನಕ್ಕಳು. ಆ ನಗು ಅವನಿಗೆ ಇನ್ನೂ ಹೆಚ್ಚು ಹೆದರಿಕೆ ಹುಟ್ಟಿಸಿತು.

ಜೀಪು ನೋಡಲು ಊರೇ ಸೇರಿತು, ಆದರೆ ಯಾರೂ ಹತ್ತಿರ ಬರಲಿಲ್ಲ. ಹಕೀಮ ಬೇಲಿಯ ಹಿಂದೆ, ರುಖಿಯಮ್ಮ ತೆಂಗಿನ ಮರದ ಹಿಂದೆ, ಯೂಸುಫ್ ಸೈಕಲ್ಲಿನ ಹಿಂದೆ ನಿಂತರು.

ಮೈಮೂನಮ್ಮ ನಿರ್ಭಯವಾಗಿ ಪೆಟ್ಟಿಗೆ ತಂದಿಟ್ಟಳು. ಅದರ ಹೊಳಪು ನೋಡಿ ಅವಳ ಹುಬ್ಬು ಒಂದಿಷ್ಟು ಮೇಲೆ ಹೋಯಿತು. ದೊರೆಸಾನಿ ಮುಚ್ಚಳ ತೆಗೆದಳು. ಒಂದೊಂದೇ ವಸ್ತು ಎತ್ತಿ ನೋಡಿದಳು. ಎಲ್ಲವೂ ಇತ್ತು. ಅಲಿ ಕುಂಞಿ ಬೆಳಗ್ಗಿನಿಂದ ಹಿಡಿದಿದ್ದ ಉಸಿರು ಬಿಟ್ಟ.

ದೊರೆಸಾನಿ ಸಾಬೂನನ್ನು ಕೈಯಲ್ಲಿ ತಿರುಗಿಸಿದಳು. ಬ್ರಶ್ಶಿನ ಕೂದಲಿನ ಮೇಲೆ ಬೆರಳಾಡಿಸಿದಳು. ಅವಳ ನಗು ಸ್ವಲ್ಪ ಸ್ವಲ್ಪವೇ ಕಡಿಮೆಯಾಯಿತು. ಸೇವಂತಿಗೆ ಏನೋ ಹೇಳಿದಳು.

"ಎಷ್ಟು ಹೆರಿಗೆ ಮಾಡಿಸಿದ್ದೀರಿ ಅಂತ ಕೇಳ್ತಾರೆ," ಎಂದಳು ಸೇವಂತಿ.

"ಇಪ್ಪತ್ತೇಳು," ಎಂದಳು ಮೈಮೂನಮ್ಮ.

"ಇಪ್ಪತ್ತೇಳು ಹೆರಿಗೆಗೆ ಸಾಬೂನಿನ ಕಾಗದ ಕೂಡ ಹರಿಯಲಿಲ್ಲವಾ ಅಂತ ಕೇಳ್ತಾರೆ."

ಮೈಮೂನಮ್ಮ ಸಾಬೂನು ನೋಡಿದಳು. ಅದು ಅವಳ ಸಾಬೂನೇ ಅಲ್ಲ. ಅವಳು ಗಂಡನ ಕಡೆ ತಿರುಗಿದಳು, ಗಂಡ ನೆಲ ನೋಡುತ್ತಿದ್ದ. "ನನಗೆ ಬರೆಯಲಿಕ್ಕೆ ಬರುದಿಲ್ಲ," ಎಂದಳು. "ಆದರೆ ಒಂದೊಂದು ಹೆರಿಗೆಗೂ ಬಾಗಿಲ ಹಿಂದೆ ಮಸಿಯಲ್ಲಿ ಗೆರೆ ಹಾಕಿದ್ದೇನೆ. ಬನ್ನಿ, ತೋರಿಸ್ತೇನೆ." ಸೇವಂತಿ ಒಳಗೆ ಹೋಗಿ ಬಾಗಿಲು ಎಳೆದಳು. ಹಸಿ ಸುಣ್ಣ ಅವಳ ಸೀರೆಗೆ ಹತ್ತಿತು. ಗೆರೆ ಇರಲಿಲ್ಲ.

ಮೈಮೂನಮ್ಮನ ಮುಖದಲ್ಲಿ ಮೊದಲ ಸಲ ಭಯ ಕಾಣಿಸಿತು. ಅದನ್ನು ಅಲಿ ಕುಂಞಿ ಇಪ್ಪತ್ತೈದು ವರ್ಷದಲ್ಲಿ ಕಂಡಿರಲಿಲ್ಲ.

"ಊರಿನವರನ್ನು ಕೇಳಿ," ಎಂದಳು ಅವಳು. "ಇವರ ಮನೆಗಳಿಗೆ ಈ ಪೆಟ್ಟಿಗೆ ಹೋಗಿದೆ. ಎಲ್ಲರೂ ಹೇಳ್ತಾರೆ."

ದೊರೆಸಾನಿಯ ಮುಖ ಅರಳಿತು. ಅದೇ ಒಳ್ಳೆಯದು ಎಂಬಂತೆ ತಲೆಯಾಡಿಸಿ, ನೋಟುಬುಕ್ಕು ಪೆನ್ನು ತೆಗೆದು ಬೇಲಿಯ ಹತ್ತಿರ ನಡೆದಳು. ನೋಟುಬುಕ್ಕು ಕಂಡ ಕೂಡಲೇ ಬೇಲಿಯ ಹಿಂದೆ ನಿಂತವರೆಲ್ಲ ಎರಡು ಹೆಜ್ಜೆ ಹಿಂದೆ ಸರಿದರು.

"ನಿಮ್ಮ ಮನೆಗೆ ಈ ಪೆಟ್ಟಿಗೆ ಬಂದದ್ದುಂಟಾ?" ಎಂದು ಸೇವಂತಿ ಹಕೀಮನನ್ನು ಕೇಳಿದಳು. ಹಕೀಮನ ಕೊನೆಯ ಇಬ್ಬರು ಮಕ್ಕಳನ್ನು ಭೂಮಿಗೆ ಇಳಿಸಿದ್ದು ಮೈಮೂನಮ್ಮನೇ.

"ಯಾವ ಪೆಟ್ಟಿಗೆ? ನಾನು ಕಂಡೇ ಇಲ್ಲ," ಎಂದ ಹಕೀಮ.

"ಹಕೀಮಾ, ಎಂತ ಹೇಳುದು ನೀನು?" ಎಂದಳು ಮೈಮೂನಮ್ಮ. ಹಕೀಮ ಆಕಾಶ ನೋಡಿದ.

ರುಖಿಯಮ್ಮನ ಮೂವರು ಮೊಮ್ಮಕ್ಕಳು ಅವಳ ಸೆರಗು ಹಿಡಿದು ನಿಂತಿದ್ದರು. "ನಮ್ಮ ಮನೆಗೆ ಅದೆಲ್ಲ ಬರ್ಲಿಲ್ಲ," ಎಂದಳು ಅವಳು, ಮಕ್ಕಳನ್ನು ಹಿಂದೆ ತಳ್ಳುತ್ತ. "ನಮ್ಮಲ್ಲಿ ಮಕ್ಕಳು ತಾವಾಗಿಯೇ ಹುಟ್ಟುದು."

ಯೂಸುಫನಿಗೆ ಮಕ್ಕಳೇ ಇಲ್ಲವಂತೆ. ಅವನಿಗೆ ಐದು ಇದ್ದವು.

ಅಲಿ ಕುಂಞಿಗೆ ಇನ್ನು ತಡೆಯಲಾಗಲಿಲ್ಲ. ಹಡಗಾದರೂ ಸರಿ ಎಂದು ಒಂದು ಹೆಜ್ಜೆ ಮುಂದಿಟ್ಟ. "ಅಮ್ಮಾ, ನಾನು..." ಎಂದ. ಅಷ್ಟರಲ್ಲಿ ಹಕೀಮ ಬೇಲಿ ಹಾರಿ ಬಂದು ಅವನ ಕಾಲು ಮೆಟ್ಟಿದ. "ಅವನಿಗೆ ಎಂತದೂ ಗೊತ್ತಿಲ್ಲ," ಎಂದು ಸೇವಂತಿಗೆ ಹೇಳಿದ. "ಬಿಸಿಲಿಗೆ ತಲೆ ಸರಿ ಇಲ್ಲ." ಕಾಲಿನ ನೋವಿಗೆ ಅಲಿ ಕುಂಞಿಯ ಬಾಯಿ ತೆರೆಯಿತು, ಮಾತು ಬರಲಿಲ್ಲ.

ಕೊನೆಗೆ ಸೇವಂತಿ ರಾಮಪ್ರಸಾದರ ಹತ್ತಿರ ಬಂದಳು. ಶೀಟು ಅವಳ ಕೈಯಲ್ಲೇ ಇತ್ತು. "ಇದನ್ನಾದರೂ ನೋಡಿದ್ದೀರಾ? ಹೆರಿಗೆಯ ಹೊತ್ತಿಗೆ ತಾಯಿಯ ಅಡಿಯಲ್ಲಿ ಹಾಸುವುದು."

ರಾಮಪ್ರಸಾದರು ಉತ್ತರಿಸುವ ಮೊದಲೇ ಸತ್ಯವತಿ ಹೇಳಿದಳು, "ಇಲ್ಲ. ನಾವು ಈ ಶೀಟನ್ನು ಜನ್ಮದಲ್ಲೇ ಕಂಡಿಲ್ಲ." ಹೇಳಿ ಅಲಿ ಕುಂಞಿಯನ್ನು ಒಂದು ಸಲ ನೋಡಿ, ಹಪ್ಪಳದ ಗೆರಸೆ ಇದ್ದ ಕಡೆಗೆ ಬೇಗ ಬೇಗ ನಡೆದಳು.

ದೊರೆಸಾನಿ ಸಿಟ್ಟು ಮಾಡಲಿಲ್ಲ. ಮೈಮೂನಮ್ಮನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಮೆಲ್ಲಗೆ ಮಾತಾಡಿದಳು. ಸೇವಂತಿ ಅದನ್ನು ಕನ್ನಡ ಮಾಡಿದಳು. "ಇಷ್ಟು ಜೋಪಾನವಾಗಿ ಇಟ್ಟಿದ್ದಕ್ಕೆ ಸಂತೋಷ ಅಂತೆ. ಆದರೆ ಇದು ಇಡಲಿಕ್ಕೆ ಕೊಟ್ಟದ್ದಲ್ಲವಂತೆ. ಕಡಬದ ಹತ್ತಿರ ಒಬ್ಬರು ಹೊಸದಾಗಿ ಕಲಿತವರು ಪೆಟ್ಟಿಗೆ ಇಲ್ಲದೆ ಕೆಲಸ ಮಾಡ್ತಿದ್ದಾರೆ. ಅವರಿಗೆ ಕೊಡ್ತಾರಂತೆ."

ಪೆಟ್ಟಿಗೆ ಜೀಪಿನ ಹಿಂದಿನ ಸೀಟಿಗೆ ಹೋಯಿತು. ಜೀಪು ಹೊರಟಿತು.

ಅದು ತಿರುವು ದಾಟಿದ ಕೂಡಲೇ ಬೇಲಿ, ಮರ, ಸೈಕಲ್ಲುಗಳ ಹಿಂದಿನಿಂದ ಊರು ಹೊರಗೆ ಬಂತು. ಎಲ್ಲರ ಮುಖದಲ್ಲೂ ಗೆದ್ದ ಸಂಭ್ರಮ. ಹಕೀಮ ಅಲಿ ಕುಂಞಿಯ ಬೆನ್ನು ತಟ್ಟಿದ.

"ನೋಡಿದೆಯಾ? ಒಬ್ಬರೂ ಬಾಯಿ ಬಿಡ್ಲಿಲ್ಲ. ನಿನ್ನನ್ನು ಬಚಾವ್ ಮಾಡಿದ್ದು ನಾವು ಮಾರಾಯ."

"ಪೆಟ್ಟಿಗೆ ಹೋದರೆ ಹೋಗ್ಲಿ," ಎಂದಳು ರುಖಿಯಮ್ಮ, ಮೈಮೂನಮ್ಮನ ಹೆಗಲ ಮೇಲೆ ಕೈಯಿಟ್ಟು. "ನೀನು ಇದ್ದಿಯಲ್ಲ. ಆಸಿಯಾಳಿಗೆ ನಾಳೆಯೋ ನಾಡಿದ್ದೋ ಅಂತ ಉಂಟು."

ಮೈಮೂನಮ್ಮ ಆಸಿಯಾಳ ಹೊಟ್ಟೆಯನ್ನು ನೋಡಿದಳು. ಆಮೇಲೆ ಗಂಡನ ಕಡೆಗೆ ತಿರುಗಿ, ದೊಡ್ಡ ದನಿ ಮಾಡದೆ ಕೇಳಿದಳು:

"ನೀವು ಇವರಿಗೆಲ್ಲ ಎಂತ ಹೇಳಿದ್ದು?"

ಅಲಿ ಕುಂಞಿ ಹೇಳುವ ಅಗತ್ಯವೇ ಬೀಳಲಿಲ್ಲ. ಕತ್ತರಿ, ಕೋಳಿ, ಹಪ್ಪಳ, ಮೀನು, ಪೊಲೀಸು, ಕೋರ್ಟು, ಹಡಗು, ಎಲ್ಲವನ್ನೂ ಊರಿನವರೇ ಒಬ್ಬರ ಮಾತು ಒಬ್ಬರು ಕಸಿದುಕೊಂಡು, ಖುಷಿಯಿಂದ, ಒಂದನ್ನೂ ಬಿಡದೆ ಅವಳಿಗೆ ವಿವರಿಸತೊಡಗಿದರು. ಮೈಮೂನಮ್ಮ ನಡುವೆ ಬಾಯಿ ಹಾಕದೆ ಗಂಡನನ್ನೇ ನೋಡುತ್ತ ಕೇಳುತ್ತಿದ್ದಳು.

ತಿರುವಿನಲ್ಲಿ ಧೂಳು ಇನ್ನೂ ಕೂತಿರಲಿಲ್ಲ. ಆ ಜೀಪಿನಲ್ಲಿ ತನ್ನನ್ನೂ ಕೊಂಡುಹೋಗಿದ್ದರೆ ಎಷ್ಟು ಒಳ್ಳೆಯದಿತ್ತು ಎಂದು ಅಲಿ ಕುಂಞಿಗೆ ಅನಿಸಿತು.